ಬೀಳದೆ ನಿಂತ ಎರಡು ಸೇವಂತಿಗೆ

ಎರಡು ಹಳದಿ ಸೇವಂತಿಗೆಗಳ ತೊಟ್ಟನ್ನು ಪೂರ್ತಿ ಕತ್ತರಿಸಿ, ನೀರಿನಲ್ಲಿ ಅದ್ದಿ, ಬನಶಂಕರಿಯ ಹಿತ್ತಾಳೆ ವಿಗ್ರಹದ ಎರಡು ಹೆಗಲಿಗೂ ಒಂದೊಂದು ಅಂಟಿಸಿದೆ. ಬಲಗಡೆಯದು ಬಿದ್ದರೆ ಕೋರ್ಸಿಗೆ ಸೇರಬೇಕು, ಎಡಗಡೆಯದು ಬಿದ್ದರೆ ಬೇಡ. ಕೈಮುಗಿದು ಕಣ್ಣು ಮುಚ್ಚುವಷ್ಟರಲ್ಲೇ ಬಲಗಡೆಯ ಹೂ ಬಿತ್ತು.

“ತಾಯಿ ಕೊಟ್ಟಳು,” ಎಂದೆ.

ಹಿಂದೆ ಕುಳಿತಿದ್ದ ಚಿಗವ್ವ ತಲೆ ಎತ್ತಿ ಚಾವಣಿ ನೋಡಿದರು. “ತಾಯಿ ಕೊಟ್ಳೋ, ನಿಮ್ಮ ಎಸಿ ಕೊಟ್ಟಿತೋ?”

ದೇವರ ಮಂಟಪದ ನೇರ ಮೇಲೆ ಎಸಿಯ ಗಾಳಿ ಬರುವ ಕಿಂಡಿ ಇತ್ತು.

ಅದು ಕಳೆದ ಆಗಸ್ಟ್ ತಿಂಗಳ ಒಂದು ಶುಕ್ರವಾರ. ಡಲ್ಲಾಸ್ ಹತ್ತಿರದ ಯೂಲೆಸ್‌ನಲ್ಲಿ ನಾನು ಮತ್ತು ನಾಲ್ಕು ವರ್ಷದ ಮಗಳು ಇಳಾ ಇದ್ದೆವು. ಆಸ್ಟಿನ್‌ನಲ್ಲಿದ್ದ ನಮ್ಮ ಸಂಸಾರ ಹಿಂದಿನ ವರ್ಷ ಮುರಿದಿತ್ತು. ಆ ಬಗ್ಗೆ ಇಷ್ಟು ಸಾಕು. ಧಾರವಾಡದಲ್ಲಿ ಓದಿದ ಎಂ.ಎಸ್ಸಿ. ಇತ್ತು, ಗ್ರೀನ್ ಕಾರ್ಡ್ ಇತ್ತು, ಕೆಲಸದ ಅನುಭವ ಇರಲಿಲ್ಲ. ಬಾಡಿಗೆ ಮನೆಯ ಲೀಸ್ ಮುಗಿಯುವುದರೊಳಗೆ ದುಡಿಮೆ ಸಿಗದಿದ್ದರೆ ಮನೆ ಬಿಟ್ಟು ಹ್ಯೂಸ್ಟನ್ ಕಡೆಯ ಸೈಪ್ರೆಸ್‌ಗೆ, ಅವ್ವನ ತಂಗಿಯಾದ ಈ ಚಿಗವ್ವನ ಮನೆಗೆ ಹೋಗಬೇಕಿತ್ತು. ನಮ್ಮನ್ನು ನೋಡಲು ಬಂದಿದ್ದ ಅವರು ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೆ ಒಮ್ಮೆ ಹೋದರೆ ನನ್ನದೆಂಬ ಮನೆ ಮತ್ತೆ ಆಗಲಾರದು ಎಂಬ ಭಯ ನನಗಿತ್ತು.

ನನಗೆ ಕಂಡ ಒಂದೇ ದಾರಿ ಮೆಡಿಕಲ್ ಅಸಿಸ್ಟೆಂಟ್ ಸರ್ಟಿಫಿಕೇಟ್. ಡಾಕ್ಟರ ಕ್ಲಿನಿಕ್ಕಿನಲ್ಲಿ ಬಿಪಿ ನೋಡುವುದು, ರಕ್ತ ತೆಗೆಯುವುದು, ಇಂಜೆಕ್ಷನ್ ಕೊಡುವುದನ್ನೆಲ್ಲ ಅದರಲ್ಲಿ ಕಲಿಸುತ್ತಾರೆ. ಫೀಸು ಕಟ್ಟಿದರೆ ಉಳಿತಾಯದ ಬಹುಭಾಗ ಹೋಗುತ್ತಿತ್ತು. ಅದಕ್ಕಿಂತ ಕಷ್ಟದ್ದು ಕೊನೆಯಲ್ಲಿ ಬರುವ ಸಂಬಳವಿಲ್ಲದ ತರಬೇತಿ. ಆ ವಾರಗಳಲ್ಲಿ ಇಳಾಳ ಡೇಕೇರ್‌ಗೆ ಎಲ್ಲಿಂದ ಕೊಡುವುದು? ಮುಂದೆ ಸಿಗುವ ಸಂಬಳದಲ್ಲಿ ಬಾಡಿಗೆ, ಡೇಕೇರ್ ಕಳೆದರೆ, ಕಟ್ಟಿದ ಫೀಸು ಮರಳಿ ಬರಲು ಒಂದು ವರ್ಷವಾದರೂ ಬೇಕಿತ್ತು. ಸೇರುವುದೂ ತಪ್ಪು, ಸೇರದಿರುವುದೂ ತಪ್ಪು ಎನ್ನಿಸುತ್ತಿತ್ತು. ಅದಕ್ಕೇ ಹೂ ಕೇಳಲು ಕುಳಿತದ್ದು.

ಎಸಿ ಬಂದ್ ಮಾಡಿ ಹೂವನ್ನು ಮತ್ತೆ ಇಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಮನೆ ಕಾದ ಹಂಚಿನಂತಾಯಿತು.

“ಮಮ್ಮಾ, ಇಟ್ಸ್ ಸೋ ಹಾಟ್,” ಎಂದಳು ಇಳಾ.

“ತಡಿಯವಾ, ನಿಮ್ಮವ್ವ ಇನ್ನೂ ಮೀಟಿಂಗ್‌ನ್ಯಾಗ ಇದ್ದಾಳ,” ಎಂದರು ಚಿಗವ್ವ.

ಹೂ ಅಲುಗಲಿಲ್ಲ. ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಬೇಡಿದೆ, ಕಾದೆ, ಕೊನೆಗೆ ಅತ್ತೆ. ಬಾಲ್ಯದಿಂದ ನಂಬಿದ ತಾಯಿಯೂ ನನ್ನ ಕೈಬಿಟ್ಟಳು ಎಂದುಕೊಂಡೆ.

“ಎರಡೂ ಹಿಡಕೊಂಡು ಕುಂತಾಳಂದ್ರ ನಿನ್ನ ಪ್ರಶ್ನಿ ಆಕಿಗೆ ಸೇರಿಲ್ಲ,” ಎಂದರು ಚಿಗವ್ವ. “ಅಲ್ಲವಾ, ಈ ಕೆಲಸ ಮಾಡೋರನ್ನ ಯಾರನ್ನರ ಕೇಳೀಯೇನು?”

“ಇಲ್ಲ.”

“ಯಾಕ?”

ನಾನು ಕೇಳಿದರೆ ಅವರೂ ಕೇಳುತ್ತಾರೆ, ಗಂಡ ಎಲ್ಲಿದ್ದಾರೆ, ಏನು ಮಾಡುತ್ತಾರೆ ಎಂದು. ಚಿಗವ್ವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಮಂದಿ ಮುಂದ ತುಟಿ ಹೊಲಕೊಂಡಿರ್ತಿ, ಎಲ್ಲಾ ಆಕಿ ತಲಿ ಮ್ಯಾಲೆ ಹಾಕ್ತಿ. ಆಕಿನರ ಎಷ್ಟಂತ ಮಾಡ್ಯಾಳು?”

ಅಂದು ಮಧ್ಯಾಹ್ನ ಇಳಾಳಿಗೆ ಶಾಲೆಗೆ ಬೇಕಾದ ಲಸಿಕೆ ಹಾಕಿಸುವುದಿತ್ತು. ಲಸಿಕೆ ಹಾಕಿದವರು ಗ್ಲೋರಿಯಾ ಎಂಬ ಮೆಡಿಕಲ್ ಅಸಿಸ್ಟೆಂಟ್. ಅವರು ಇಳಾಳ ತೋಳಿಗೆ ಪಟ್ಟಿ ಅಂಟಿಸುವಾಗ, ಈ ಕೆಲಸ ಎಲ್ಲಿ ಕಲಿತಿರಿ ಎಂದು ಕೇಳಿಬಿಟ್ಟೆ.

“ಇಲ್ಲೇ,” ಎಂದು ಅವರು ನಕ್ಕರು. ಟೆಕ್ಸಸ್‌ನಲ್ಲಿ ಸರ್ಟಿಫಿಕೇಟ್ ಇರಲೇಬೇಕೆಂಬ ಕಾನೂನಿಲ್ಲ, ಆದರೆ ಎಷ್ಟೋ ಕ್ಲಿನಿಕ್‌ಗಳು ಕೇಳುತ್ತವೆ; ಇದ್ದವರಿಗೆ ಮೊದಲಿನಿಂದಲೇ ಸಂಬಳ ಹೆಚ್ಚು ಎಂದರು. ಈ ಕ್ಲಿನಿಕ್ಕಿನವರು ಮಾತ್ರ ಅವರನ್ನು ಫ್ರಂಟ್ ಡೆಸ್ಕಿಗೆ ಸೇರಿಸಿಕೊಂಡು, ಸಂಬಳ ಕೊಡುತ್ತಲೇ ಕೆಲಸ ಕಲಿಸಿದ್ದರು. ಆ ಅನುಭವದ ಮೇಲೆ ಅವರು ಆಮೇಲೆ ಸರ್ಟಿಫಿಕೇಟ್ ಪರೀಕ್ಷೆ ಬರೆದಿದ್ದರು. “ಡೆಸ್ಕಿನ ಹುಡುಗಿ ಈ ತಿಂಗಳು ಬಿಡುತ್ತಿದ್ದಾಳೆ. ಮ್ಯಾನೇಜರ್ ಒಳಗಿದ್ದಾರೆ, ಮಾತಾಡುತ್ತೀರಾ?”

ಮಾತಾಡಿದೆ. ಮರುದಿನ ಶನಿವಾರ ಅರ್ಧ ದಿನ ಬಂದು ಕೆಲಸ ನೋಡಿ ಎಂದರು. ಗಂಡನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಈಗ ನಾನು ಅಲ್ಲಿಯೇ ಕೆಲಸದಲ್ಲಿದ್ದೇನೆ. ಸರ್ಟಿಫಿಕೇಟ್ ಇದ್ದವರಿಗಿಂತ ಸಂಬಳ ಕಡಿಮೆ, ತಿಂಗಳ ಕೊನೆ ಇನ್ನೂ ಬಿಗಿ. ಆದರೆ ಉಳಿತಾಯ ಮುಟ್ಟಲಿಲ್ಲ, ಸಂಬಳವಿಲ್ಲದ ವಾರಗಳು ಬರಲಿಲ್ಲ, ಅದೇ ಮನೆಯ ಲೀಸಿಗೆ ಮತ್ತೆ ಸಹಿ ಹಾಕಿದೆ. ರಕ್ತ ತೆಗೆಯುವುದನ್ನು ಕಲಿತಿದ್ದೇನೆ, ಪರೀಕ್ಷೆಗೂ ಓದುತ್ತಿದ್ದೇನೆ.

ಕ್ಲಿನಿಕ್ಕಿನಲ್ಲಿ ಆ ಜಾಗ ಆಗಲೇ ಖಾಲಿಯಾಗಿದ್ದು ಆಕಸ್ಮಿಕ ಎಂದು ಯಾರಾದರೂ ಹೇಳಬಹುದು. ನಾನು ವಾದಿಸುವುದಿಲ್ಲ. ಬಲಗಡೆಯ ಹೂ ಕೊಟ್ಟಿದ್ದರೆ ಅಂದೇ ಫೀಸು ಕಟ್ಟುತ್ತಿದ್ದೆ, ಎಡಗಡೆಯದು ಕೊಟ್ಟಿದ್ದರೆ ಸೈಪ್ರೆಸ್‌ಗೆ ಸಾಮಾನು ಕಟ್ಟುತ್ತಿದ್ದೆ. ಎರಡನ್ನೂ ಕೊಡದೆ ತಾಯಿ ನನ್ನ ಬಾಯಿ ಬಿಡಿಸಿದಳು. ಅವಳ ಮೌನಕ್ಕೂ ಕೈಮುಗಿಯಬೇಕೆಂದು ಅಂದಿನಿಂದ ತಿಳಿದಿದ್ದೇನೆ.

ಹಿಂದಿನ ರಾತ್ರಿ ಮಂಟಪದ ಮೇಲಿನ ಕಿಂಡಿ ಮುಚ್ಚಿಯೇ ಎಸಿ ಹಾಕಿದ್ದೆ; ಆ ಶನಿವಾರ ಬೆಳಿಗ್ಗೆ ಎರಡೂ ಸೇವಂತಿಗೆ ಇಟ್ಟಲ್ಲಿಯೇ ಇದ್ದವು, ಅಂಚು ಮಾತ್ರ ಬಾಡಿತ್ತು. ದೀಪ ಹಚ್ಚಿದೆ, ಏನನ್ನೂ ಕೇಳಲಿಲ್ಲ. ಹೂಗಳನ್ನು ನಾನೇ ಕೈಯಾರೆ ತೆಗೆದು ಒಂದನ್ನು ಇಳಾಳ ಜುಟ್ಟಿಗೆ ಪಿನ್ ಹಾಕಿ ಸಿಕ್ಕಿಸಿದೆ. ಆಸ್ಟಿನ್ ಬಿಟ್ಟ ಮೇಲೆ ನಾನು ಹೂ ಮುಡಿದಿರಲಿಲ್ಲ. ಇನ್ನೊಂದನ್ನು ಮುಡಿದು, ಮಗಳನ್ನು ಚಿಗವ್ವನ ಬಳಿ ಬಿಟ್ಟು, ಕ್ಲಿನಿಕ್ಕಿಗೆ ಡ್ರೈವ್ ಮಾಡಿಕೊಂಡು ಹೋದೆ.