ದೇಸಾಯರು ಕಟ್ಟಿದ ವಿಮಾನ

ದೇಸಾಯರ ಬಾಯಿಂದ ‘ಇರಲಿ ಬಿಡ್ರಿ’ ಎಂಬ ಮಾತು ಬಂದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಮಸ್ಕತ್ತಿನ ಕನ್ನಡದವರೆಲ್ಲ ಸೇರಿ ಖುರುಮ್‌ನ ಹೋಟೆಲೊಂದರಲ್ಲಿ ರಾಜ್ಯೋತ್ಸವ ನಡೆಸಿದ ವರ್ಷ, ಬ್ಯಾಂಕಿನಲ್ಲಿದ್ದ ಒಬ್ಬರು ಮೊದಲ ಬಾರಿ ವೇದಿಕೆ ಹತ್ತಿ ವಚನ ಹಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೇಸಾಯರು ಮಾತ್ರ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಆ ಮನುಷ್ಯನನ್ನು ಹುಡುಕಿಕೊಂಡು ಹೋಗಿ, “ಎರಡನೇ ಸಾಲಿನ್ಯಾಗ ಶ್ರುತಿ ಬಿಟ್ರಿ. ನಾಕನೇದ್ರಾಗ ಶಬ್ದನ ನುಂಗಿದ್ರಿ. ಉಳದದ್ದು ಚೊಲೋ ಇತ್ತು,” ಎಂದರು. ಆತ ಮತ್ತೆ ಯಾವ ವೇದಿಕೆಯಲ್ಲೂ ಹಾಡಲಿಲ್ಲ. ಮುಂದೊಂದು ದಿನ ಅದನ್ನು ಯಾರೋ ಹೇಳಿದಾಗ ದೇಸಾಯರಿಗೆ ನಿಜವಾಗಿ ಆಶ್ಚರ್ಯವಾಯಿತು. “ತಪ್ಪು ಎಲ್ಲೆ ಅದ ಅಂತ ತೋರಿಸಿದೆ. ತಿದ್ದಿಕೊಳ್ಳೂದು ಬಿಟ್ಟು ಬಾಯಿ ಮುಚ್ಚಿಕೊಂಡು ಕುಂತರ ನಾ ಏನು ಮಾಡಲಿ?”

ಅವರು ಧಾರವಾಡದವರು. ಎಣ್ಣೆ ಬಾವಿಗಳ ಒತ್ತಡ ತೋರಿಸುವ ಗೇಜು, ಮೀಟರುಗಳನ್ನು ನೋಡಿಕೊಳ್ಳುವ ಕಂಪನಿಯೊಂದರಲ್ಲಿ ನಮ್ಮ ವಿಭಾಗಕ್ಕೆ ಮುಖ್ಯಸ್ಥರು. ನಾನು ಅವರ ಕೈಕೆಳಗಿನ ಟೆಕ್ನಿಷಿಯನ್, ಪಡುಬಿದ್ರಿ ಕಡೆಯವನು. ಇಬ್ಬರ ಮನೆಯೂ ಮಸ್ಕತ್ತಿನ ವಾದಿ ಅದಾಯ್‌ನಲ್ಲಿ, ಎದುರುಬದುರಿನ ಕಟ್ಟಡಗಳಲ್ಲಿ. ಅವರ ಹೆಂಡತಿ ಮಾಲತಿ ಅಕ್ಕ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಊರಲ್ಲೇ ಇದ್ದರು. ಇಲ್ಲಿ ದೇಸಾಯರು ಒಬ್ಬರೇ. ಕಡ್ಡಿಯಂಥ ಮೈ, ಬೋಳುತಲೆ, ಒಗೆದು ಒಗೆದು ಬಣ್ಣ ಹೋದರೂ ಇಸ್ತ್ರಿ ತಪ್ಪದ ಅಂಗಿ. ಯಾವ ವಸ್ತು ಸಿಕ್ಕರೂ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುವುದು ಅವರ ಅಭ್ಯಾಸ. ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬಂದಾಗ ಸ್ಟೀಲ್ ತಟ್ಟೆಯ ಅಂಚನ್ನು ಹಾಗೆಯೇ ಸವರಿದರು. ತಟ್ಟೆ ತೊಳೆದದ್ದು ಸರಿಯಾಗಲಿಲ್ಲವೇನೋ ಎಂದುಕೊಂಡು ನನ್ನ ಹೆಂಡತಿ ವಾಣಿ ಅವಮಾನದಿಂದ ಕೆಂಪಾದಳು.

ಎಣ್ಣೆಗೆ ಒಳ್ಳೆಯ ಬೆಲೆ ಇದ್ದ ಕಾಲದಲ್ಲಿ ಅವರು ವಿಮಾನದ ಕಿಟ್ ತರಿಸಿದರು. ಇಬ್ಬರು ಕೂರುವ ಪುಟ್ಟ ವಿಮಾನ. ಬಿಡಿಭಾಗಗಳೆಲ್ಲ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬರುತ್ತವೆ, ಜೋಡಿಸುವುದು ಕೊಂಡವರ ಕೆಲಸ. ವಾದಿ ಅದಾಯ್‌ನ ಗ್ಯಾರೇಜುಗಳ ಸಾಲಿನ ಹಿಂದೆ ಸಾಲಿಂ ಎಂಬ ಒಮಾನಿಯ ಒಂದು ಶೆಡ್ ಖಾಲಿ ಬಿದ್ದಿತ್ತು, ಅದನ್ನು ಬಾಡಿಗೆಗೆ ಹಿಡಿದರು. ಜೀವನದಲ್ಲಿ ಒಂದು ಸೈಕಲ್ಲನ್ನೂ ಕಟ್ಟಿದವರಲ್ಲ. ಯಾಕೆ ಈ ಹುಚ್ಚು ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೆ: “ಹುಟ್ಟಿದಾಗಿಂದ ಮಂದಿ ಮಾಡಿದ್ದನ್ನ ರಿಪೇರಿ ಮಾಡ್ಕೋತ ಬಂದೇನ್ರಿ ಶೆಟ್ರ. ಒಂದು, ಒಂದs ಒಂದು ವಸ್ತು ಪೂರಾ ನಾ ಮಾಡಿದ್ದು ಇರಬೇಕು.”

ನನ್ನನ್ನು ಆ ಕೆಲಸಕ್ಕೆ ಎಳೆದದ್ದು ನನ್ನ ಕೈಗಳಿಗಾಗಿ. ಅಲ್ಯೂಮಿನಿಯಂ ಹಾಳೆಯನ್ನು ರೆಕ್ಕೆಯ ಚೌಕಟ್ಟಿಗೆ ರಿವೆಟ್ ಎಂಬ ಗಿಡ್ಡ ಮೊಳೆಗಳನ್ನು ಹೊಡೆದು ಕೂಡಿಸಬೇಕು. ಹೊರಗಿನಿಂದ ಒಬ್ಬರು ಗಾಳಿಯ ಒತ್ತಡದಿಂದ ಬಡಿಯುವ ಗನ್ ಹಿಡಿದು ಹೊಡೆಯುವಾಗ ಒಳಗಿನಿಂದ ಇನ್ನೊಬ್ಬರು ರಿವೆಟ್ಟಿನ ಬಾಲಕ್ಕೆ ಒಂದು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ರೆಕ್ಕೆಯ ಒಳಗೆ ಜಾಗ ಕಡಿಮೆ. ನನ್ನ ಮಣಿಕಟ್ಟು ಹೆಂಗಸರದ್ದರಷ್ಟು ಸಪೂರ. ಕ್ಯಾಂಟೀನಿನಲ್ಲಿ ಅದನ್ನು ಹಿಡಿದು ತಿರುಗಿಸಿ ನೋಡಿ, “ಶುಕ್ರವಾರ ಮುಂಜಾನೆ ಬರ್ರಿ,” ಎಂದರು. ಕೇಳಿದ್ದಲ್ಲ, ಹೇಳಿದ್ದು.

ಶುಕ್ರವಾರಗಳು ಹಾಗೆ ಹೋದವು. ಗಟ್ಟಿ ಕೂದಲೆಳೆಯಷ್ಟು ವಾಲಿದರೂ ರಿವೆಟ್ ಓರೆಯಾಗುತ್ತದೆ. ದೇಸಾಯರು ಟಾರ್ಚ್ ಹಾಕಿ ನೋಡಿ, “ತಗೀರಿ,” ಎನ್ನುತ್ತಿದ್ದರು. ಡ್ರಿಲ್ ಹಿಡಿದು ಅದನ್ನು ತೆಗೆದು ಮತ್ತೆ ಹೊಡೆಯಬೇಕು. ಒಂದು ಬೆಳಿಗ್ಗೆ ನಾನು ಮಾಡಿದ್ದರಲ್ಲಿ ಅರ್ಧ ತೆಗೆಸಿದರು. ಸೆಕೆಯಲ್ಲಿ ಅಂಗಿ ಮೈಗಂಟಿ ನಾನು ರೇಗಿದಾಗ, ಗೋಡೆಯಲ್ಲಿ ತೂಗುಹಾಕಿದ್ದ ಒಂದು ತುಂಡನ್ನು ತೋರಿಸಿದರು. ವಿಮಾನದ ಬಾಲದ ಎರಡು ಭಾಗಗಳಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ ಇರಬೇಕು. ನಾನು ಸೇರುವ ಮೊದಲು ದೇಸಾಯರು ಒಬ್ಬರೇ ಕುಳಿತು ಎರಡನ್ನೂ ಎಡಗಡೆಯದಾಗಿ ಮಾಡಿಬಿಟ್ಟಿದ್ದರು. ಹಾಳಾದ ಆ ತುಂಡಿನ ಮೇಲೆ ಕಪ್ಪು ಮಾರ್ಕರಿನಿಂದ ದೊಡ್ಡದಾಗಿ ‘ಕತ್ತಿ ದೇಸಾಯಿ’ ಎಂದು ತಾವೇ ಬರೆದುಕೊಂಡಿದ್ದರು. ಅವರ ಊರಲ್ಲಿ ಕತ್ತೆಗೆ ಕತ್ತಿ ಎನ್ನುತ್ತಾರೆ. “ನನಗ ನಾ ಬಿಟ್ಟಿಲ್ಲ, ನಿಮಗ ಹೆಂಗ ಬಿಡಲಿ?” ಎಂದರು. ಆ ದಿನದಿಂದ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಮೊದಲ ರೆಕ್ಕೆ ಮುಗಿದ ಬೆಳಿಗ್ಗೆ ಇಬ್ಬರೂ ಅದನ್ನು ಎತ್ತಿ ಗೋಡೆಗೆ ಒರಗಿಸಿ, ಸಾಲಿಂ ತಂದ ಖರ್ಜೂರ ತಿನ್ನುತ್ತ ಬಹಳ ಹೊತ್ತು ನೋಡುತ್ತ ಕುಳಿತದ್ದು ನೆನಪಿದೆ.

ಆಮೇಲೆ ಎಣ್ಣೆಯ ಬೆಲೆ ಬಿತ್ತು. ಮೊದಲು ಓವರ್‌ಟೈಮ್ ನಿಂತಿತು, ಮತ್ತೆ ಕಂಪನಿ ಕೊಡುತ್ತಿದ್ದ ಊರಿನ ಟಿಕೆಟು ನಿಂತಿತು. ನಮ್ಮ ಕಟ್ಟಡದಲ್ಲಿ ತಿಂಗಳಿಗೊಂದು ಮನೆ ಖಾಲಿಯಾಗಿ ಮಕ್ಕಳ ಸೈಕಲ್ಲುಗಳು ಮೆಟ್ಟಿಲ ಕೆಳಗೆ ಉಳಿದುಕೊಂಡವು. ಎಲ್ಲ ಕಂಪನಿಗಳಲ್ಲೂ ಆಳುಗಳನ್ನು ತೆಗೆಯುವ ಕೆಲಸ ಆಯಾ ಮುಖ್ಯಸ್ಥರ ತಲೆಗೆ ಬಂತು. ಬೇರೆಯವರು ಕೋಣೆಯ ಬಾಗಿಲು ಹಾಕಿ, ನೀರು ಕೊಟ್ಟು, ಮೇಲಿನವರನ್ನು ಬೈದು ಹೇಳುತ್ತಿದ್ದರು. ದೇಸಾಯರು ಕೆಲಸದ ಮೇಜಿನ ಹತ್ತಿರವೇ ಬಂದು ನಿಂತು, “ನಿಮ್ಮನ್ನ ತಗದೇವಿ. ಆರಿಸಿದಾಂವ ನಾನs,” ಎನ್ನುತ್ತಿದ್ದರು.

ನನಗೆ ಹೇಳಿದ್ದು ಶೆಡ್ಡಿನಲ್ಲಿ. ಎರಡನೇ ರೆಕ್ಕೆಯ ಕೆಳಮೈ ಮುಚ್ಚುತ್ತಿದ್ದೆವು. ತೋಳಿನವರೆಗೆ ಕೈ ಒಳಗೆ ಹಾಕಿ ನಾನು ಗಟ್ಟಿ ಹಿಡಿದಿದ್ದೆ. ಆ ದಿನ ಒಂದು ರಿವೆಟ್ಟೂ ಓರೆಯಾಗಲಿಲ್ಲ. ಸಾಲಿನ ಕೊನೆಯದನ್ನು ಹೊಡೆದು, ಟಾರ್ಚ್ ಹಾಕಿ ನೋಡಿ, ಗನ್ನನ್ನು ಮೇಜಿನ ಮೇಲಿಟ್ಟು ಅವರು ಹೇಳಿದರು:

“ಶೆಟ್ರ, ಈ ಸಲದ್ದರಾಗ ನೀವೂ ಇದ್ದೀರಿ.”

ಕೆಲಸದಿಂದ ತೆಗೆಯುವವರ ಪಟ್ಟಿಯ ಮಾತು ಅದು. “ಯಾವಾಗ ಗೊತ್ತಾಯಿತು ಸರ್ ನಿಮಗೆ?”

“ಮಂಗಳವಾರ.”

“ಮತ್ತೆ ಬೆಳಿಗ್ಗೆ ಬಂದ ಕೂಡಲೇ ಹೇಳಬಹುದಿತ್ತಲ್ಲ?”

“ಮದಲs ಹೇಳಿದ್ರ ನಿಮ್ಮ ಕೈ ನಡಗ್ತಿತ್ತು,” ಎಂದರು. “ಸಾಲು ಕೆಡ್ತಿತ್ತು.”

ನಾನು ಕೈಯನ್ನು ಹೊರಗೆಳೆದುಕೊಂಡೆ. ಅಂಚು ತಾಗಿ ಮೊಣಕೈ ತರಚಿತು. ಒಮಾನಿನದೇ ಸೊಹಾರ್ ಪಟ್ಟಣದ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಅವರ ಹಳೆಯ ಸ್ನೇಹಿತರೊಬ್ಬರು ದೊಡ್ಡ ಹುದ್ದೆಯಲ್ಲಿದ್ದದ್ದು ನನಗೆ ಗೊತ್ತಿತ್ತು. ಮಗಳ ಶಾಲೆಯ ವರ್ಷದ ನಡುವೆ ವೀಸಾ ಹೋದರೆ ಏನು ಗತಿ ಎಂದು ಯೋಚಿಸಿ, ಮರ್ಯಾದೆ ಬಿಟ್ಟು ಕೇಳಿದೆ. “ಅವರಿಗೆ ನನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳ್ತೀರಾ ಸರ್?”

“ಅಂವ ಕೇಳಿದ್ರ ಇದ್ದದ್ದು ಹೇಳ್ತೇನಿ. ಕೈ ಭಾಳ ಚೊಲೋ ಅವ, ತಲಿ ಗಡಿಬಿಡಿ. ಮೀಟರ್ ಕೆಲಸದಾಗ ಅಷ್ಟಕ್ಕಷ್ಟ.” ಇಷ್ಟು ಹೇಳಿ ಗನ್ನಿನ ಗಾಳಿ ಪೈಪನ್ನು ಸುತ್ತತೊಡಗಿದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದರು, “ಬರೂ ಶುಕ್ರವಾರ ಬರ್ತೀರಿಲ್ಲೋ?”

ಮನೆಯಲ್ಲಿ ವಾಣಿ ಕೇಳಿಸಿಕೊಂಡು ಅಳಲಿಲ್ಲ, ಉರಿದಳು. “ಆ ಜನಕ್ಕೆ ಮನುಷ್ಯತ್ವ ಉಂಟಾ? ಹೊಟ್ಟೆಗೆ ಹೊಡೆಯುವ ಮೊದಲು ರಿವೆಟ್ ಹೊಡೆಸಿಕೊಂಡನಾ? ನೀವು ಇನ್ನು ಆ ಶೆಡ್ಡಿಗೆ ಕಾಲಿಟ್ಟರೆ ನಾನು ಸುಮ್ಮನಿರುವುದಿಲ್ಲ.”

ಮುಂದಿನ ಶುಕ್ರವಾರ ಬೆಳಿಗ್ಗೆ ಹಾಲು ತರಲೆಂದು ಹೊರಟವನು ಶೆಡ್ಡಿನ ಮುಂದೆ ನಿಂತಿದ್ದೆ. ಒಳಗೆ ದೇಸಾಯರು ಗಟ್ಟಿಯನ್ನು ಒಂದು ಕೋಲಿನ ತುದಿಗೆ ಕಟ್ಟಿ ರೆಕ್ಕೆಯ ಒಳಗೆ ಆನಿಸಿ, ಇನ್ನೊಂದು ಕೈಯಲ್ಲಿ ಗನ್ ಹಿಡಿದು ಒಬ್ಬರೇ ಹೊಡೆಯುತ್ತಿದ್ದರು. ಹೊಡೆದದ್ದೆಲ್ಲ ಓರೆ. ತೆಗೆದು ತೆಗೆದು ಒಂದೆರಡು ಕಡೆ ತೂತುಗಳು ದೊಡ್ಡದಾಗಿದ್ದವು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಆ ರೆಕ್ಕೆಯ ಮುಕ್ಕಾಲು ಭಾಗ ನನ್ನ ಕೈಯದು. ಹಾಲಿನ ಚೀಲವನ್ನು ಮೊಳೆಗೆ ಸಿಕ್ಕಿಸಿ ಗಟ್ಟಿಗೆ ಕೈ ಚಾಚಿದೆ. ಅವರು ಕೊಟ್ಟರು. ಕ್ಷಮಿಸಿ ಎನ್ನಲಿಲ್ಲ, ಬಂದದ್ದು ಒಳ್ಳೆಯದಾಯಿತು ಎನ್ನಲಿಲ್ಲ. ಸ್ವಲ್ಪ ಹೊತ್ತಿನಲ್ಲೇ, “ತಗೀರಿ,” ಎಂದರು. ಆ ರೆಕ್ಕೆ ಮುಗಿಯುವವರೆಗೂ ಹೋದೆ. ವಾಣಿ ಅಷ್ಟು ದಿನವೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಸೊಹಾರ್‌ನ ಕೆಲಸಕ್ಕೆ ನಾನೇ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಆ ಸ್ನೇಹಿತರು ನಕ್ಕು, “ದೇಸಾಯಿಗೆ ಫೋನ್ ಮಾಡಿದ್ದೆ. ಕೈ ಒಳ್ಳೆಯದು, ತಲೆ ಗಡಿಬಿಡಿ ಅಂದ,” ಎಂದರು. ಕೆಲಸ ಸಿಕ್ಕಿತು, ಆದರೆ ಮೊದಲಿಗಿಂತ ಎರಡು ದರ್ಜೆ ಕೆಳಗೆ, ಬರೇ ಜೋಡಣೆಯ ವಿಭಾಗದಲ್ಲಿ. ಹೆಂಡತಿ ಮಗಳನ್ನು ಇಟ್ಟುಕೊಳ್ಳುವ ಸವಲತ್ತು ಅದಕ್ಕಿರಲಿಲ್ಲ. ಅವರನ್ನು ಊರಿಗೆ ಕಳಿಸಿ ಕಂಪನಿಯ ಕ್ಯಾಂಪಿನಲ್ಲಿ ನಾಲ್ವರ ಕೋಣೆ ಸೇರಿದೆ.

ವರ್ಷ ಕಳೆಯುವುದರೊಳಗೆ ದೇಸಾಯರ ಸರದಿ ಬಂತು. ಅವರಿಗೆ ಯಾರೂ ಹೇಳಲೇ ಇಲ್ಲ. ಬೆಳಿಗ್ಗೆ ಕಂಪನಿಯ ಗೇಟಿನಲ್ಲಿ ಕಾರ್ಡ್ ತೋರಿಸಿದರೆ ಕೆಂಪು ದೀಪ ಹತ್ತಿತು. ಕಾರ್ಡನ್ನು ಅಂಗಿಗೆ ಒರೆಸಿ ಒರೆಸಿ ಮತ್ತೆ ತೋರಿಸಿದರಂತೆ. ಕೊನೆಗೆ ಕಾವಲಿನವನು ಒಳಗೆ ಹೋಗಿ ಕೇಳಿ ಬಂದು, ಅವರ ಮೇಜಿನ ಸಾಮಾನನ್ನು ಒಂದು ರಟ್ಟಿನ ಡಬ್ಬಿಯಲ್ಲಿ ತಂದುಕೊಟ್ಟನಂತೆ. “ಎದುರಿಗೆ ನಿಂತು ಹೇಳೂ ಧೈರ್ಯ ಒಬ್ಬಗೂ ಇರಲಿಲ್ಲರಿ,” ಎಂದು ಫೋನಿನಲ್ಲಿ ಹೇಳುವಾಗ ಅವರ ದನಿ ಮೊದಲ ಬಾರಿ ಸಣ್ಣದಾಗಿತ್ತು. ವಾಣಿಗೆ ತಿಳಿಸಿದೆ. “ಬಾಯಿ ಬಿಟ್ಟು ಹೇಳಿದ್ದರೆ ಇವರಿಗೆ ಸಮಾಧಾನ ಆಗ್ತಿತ್ತಾ? ಆಗಲಿ, ಅನುಭವಿಸಲಿ,” ಎಂದಳು.

ವಿಮಾನ ಆಗ ಬಹುತೇಕ ಮುಗಿದಿತ್ತು. ಹಾರಿಸಬೇಕಾದರೆ ತಪಾಸಣೆಗಳಾಗಿ ಪರವಾನಗಿ ಬರಬೇಕು. ಅದಕ್ಕೆ ತಿಂಗಳುಗಳು ಬೇಕು. ವೀಸಾ ರದ್ದಾದವನಿಗೆ ತಿಂಗಳುಗಳಿರಲಿಲ್ಲ. ಊರಿಗೆ ಸಾಗಿಸುವುದು ಅವರ ಕೈಲಾಗುವ ಮಾತಲ್ಲ. ಅತ್ತ ವ್ಯಾಪಾರ ಬಿದ್ದು ಸಾಲಿಂ ಕೂಡ ಶೆಡ್ ಮಾರಿದ್ದ. ಕೊಳ್ಳುವವರಿಗಾಗಿ ದೇಸಾಯರು ಎಲ್ಲ ಕಡೆ ಕೇಳಿದರು. ಮೊದಲ ಬಾರಿ ಕಟ್ಟಿದವನ ವಿಮಾನದಲ್ಲಿ ಕೂರಲು ಯಾರಿಗೂ ಧೈರ್ಯವಿರಲಿಲ್ಲ. ಎಂಜಿನ್ ಮಾತ್ರ ಬೇರೆಯಾಗಿ ಹೋಯಿತು. ಉಳಿದದ್ದನ್ನು ಸಾಲಿಂನ ಸಂಬಂಧಿಕನೊಬ್ಬ ಕೇಳಿದ. ಅವನು ಅದೇ ರಸ್ತೆಯಲ್ಲಿ ಟೈರ್ ಅಂಗಡಿ ತೆರೆಯುವವನಿದ್ದ. ಜನರ ಕಣ್ಣಿಗೆ ಬೀಳಲೆಂದು ಕಂಬ ನೆಟ್ಟು ವಿಮಾನವನ್ನು ಅದರ ಮೇಲೆ ಕೂರಿಸಬೇಕಿತ್ತು.

“ಬರ್ರಿ ಶೆಟ್ರ, ಎರಡು ಕೈ ಬೇಕಾಗ್ಯಾವ,” ಎಂದು ದೇಸಾಯರು ಕರೆದಾಗ ಶನಿವಾರ ರಜೆಯಲ್ಲಿ ಸೊಹಾರ್‌ನಿಂದ ಬಸ್ ಹತ್ತಿ ಬಂದೆ. ನಾನು ಮುಟ್ಟುವ ಹೊತ್ತಿಗೆ ವೆಲ್ಡಿಂಗ್ ಮಾಡುವವನೊಬ್ಬ ಕಟ್ಟರ್ ಹಿಡಿದು ವಿಮಾನದ ಹೊಟ್ಟೆಯ ಕೆಳಗೆ ಮಲಗಿದ್ದ. ಕಂಬಕ್ಕೆ ಬೋಲ್ಟ್ ಹಾಕಲು ರೆಕ್ಕೆಗಳ ಮುಖ್ಯ ತೊಲೆಗೇ ತೂತು ಕೊರೆಯಬೇಕಿತ್ತು. ವಿಮಾನದ ಭಾರವನ್ನೆಲ್ಲ ಹೊರುವ ತೊಲೆ ಅದು. ಅದರ ಮೇಲೆ ಒಂದು ಗೀರು ಬಿದ್ದದ್ದಕ್ಕೆ ದೇಸಾಯರು ವಾರವಿಡೀ ಊಟ ಬಿಟ್ಟವರಂತೆ ತಿರುಗಾಡಿದ್ದನ್ನು ನಾನು ನೋಡಿದ್ದೆ. ಈಗ ವೆಲ್ಡರನನ್ನು ಕಾಲು ಹಿಡಿದು ಹೊರಗೆಳೆದು, “ಐಸಾ ನಹೀ, ಐಸಾ ನಹೀ,” ಎಂದು ಗದರಿ, ತಾವೇ ಅಂಗಾತ ಮಲಗಿ ಅಳೆದು ಗುರುತು ಹಾಕಿದರು. ತಾವೇ ಕೊರೆದರು. ಅಲ್ಯೂಮಿನಿಯಂ ಪುಡಿ ಅವರ ಮುಖದ ಮೇಲೆ ಉದುರುತ್ತಿತ್ತು.

“ಉಸುಕಿನ ಕಾಗದ ಕೊಡ್ರಿ,” ಎಂದರು. “ತೂತಿನ ಅಂಚು ನಯ ಮಾಡಬೇಕು.”

“ಇನ್ನು ಇದು ಹಾರುವುದಿಲ್ಲವಲ್ಲ ಸರ್,” ಎಂದೆ.

“ಗಾಳಿ ಬೀಸತದ. ನಯ ಮಾಡಲಿಲ್ಲಂದ್ರ ಅಲ್ಲಿಂದ ಬಿರುಕು ಬಿಡತದ. ಕೆಳಗ ಮಂದಿ ಅಡ್ಡಾಡ್ತಾರ.”

ಕ್ರೇನ್ ಬಂದು ಎತ್ತಿತು. ವಿಮಾನ ಪಟ್ಟಿಗಳಲ್ಲಿ ತೂಗುತ್ತ ಮೇಲೇರುವಾಗ ಟೈರ್ ಅಂಗಡಿಯವನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು, “ಮಾಶಾಲ್ಲಾ! ಮುಹಂದಿಸ್, ನೋಡು, ನಿನ್ನ ವಿಮಾನ ಹಾರಿತು!” ಎಂದು ಹಿಂದಿಯಲ್ಲಿ ಕೂಗಿದ. ಮುಹಂದಿಸ್ ಎಂದರೆ ಎಂಜಿನಿಯರ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಲ್ಲಿದ್ದ ಕೆಲಸದವರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು. ದೇಸಾಯರು ಬೋಲ್ಟುಗಳು ಬಿಗಿಯಾದವೇ ಎಂದು ಒಂದೊಂದನ್ನೇ ಕೂಗಿ ಕೇಳಿದರು, ಸ್ಪ್ಯಾನರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. “ಖಲಾಸ್,” ಎಂದರು. ಅವರ ಬಾಯಲ್ಲಿ ನಾನು ಕೇಳಿದ ಒಂದೇ ಅರಬಿ ಮಾತು ಅದು. ನನ್ನ ಕಡೆ ನೋಡದೆ ಮನೆಯ ದಾರಿ ಹಿಡಿದರು. ಆ ವಾರವೇ ದೇಶ ಬಿಟ್ಟರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಧಾರವಾಡದಲ್ಲಿ ಅವರು ಹೆಚ್ಚು ಕಾಲ ಬದುಕಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕುಸಿದರಂತೆ. ತಿಂಗಳ ನಂತರ ಮಾಲತಿ ಅಕ್ಕ ನನಗೆ ಫೋನ್ ಮಾಡಿದರು. ಅವರ ದನಿ ಕೇಳಿದ್ದು ಅದೇ ಮೊದಲು.

“ನಿಮ್ಮ ಹೆಸರು ಭಾಳ ಹೇಳತಿದ್ರು. ಒಂದು ಫೋಟೋ ಬೇಕಾಗಿತ್ತರಿ. ಅವರು ವಿಮಾನ ಹಾರಿಸಿದ್ದು.”

“ಹಾರಿಸಿದ್ದು?”

“ಹೌದ್ರಿ. ಸಮುದ್ರದ ಮ್ಯಾಲೆ ಒಂದು ಸುತ್ತು ಹೊಡದು ಬಂದೆ ಅಂತ ಫೋನಿನ್ಯಾಗ ಹೇಳಿದ್ರು. ಮ್ಯಾಲಿಂದ ನೋಡಿದ್ರ ನೀರು ಹಸರು ಕಾಣಸ್ತದಂತ. ಅತ್ತಿಯವರಿಗೂ ಕೇಳಸಿದ್ವಿ, ಮುದುಕಿ ಕೈ ಮುಗದಳು. ಮೊಮ್ಮಗ ಸಾಲ್ಯಾಗ ಅಜ್ಜನ ಬಗ್ಗೆ ಮಾತಾಡಾಂವ ಇದ್ದಾನ, ಅದಕ್ಕ ಫೋಟೋ ಕೇಳ್ಯಾನ.”

ನನ್ನ ಫೋನಿನಲ್ಲಿದ್ದ ಫೋಟೋದಲ್ಲಿ ಕಂಬವಿತ್ತು, ಟೈರುಗಳ ರಾಶಿಯಿತ್ತು. ಫೋಟೋ ಇಲ್ಲ ಎಂದೆ.

“ಹೋಗಲಿ ಬಿಡ್ರಿ. ನೀವು ಅಲ್ಲೇ ಇದ್ರಿ ಅಲಾ? ಹೆಂಗ ಹಾರತು, ಅಷ್ಟರ ಹೇಳ್ರಿ, ಬರಕೋತೇವಿ.”

ಏನು ಹೇಳಿದರೂ ನಡೆಯುತ್ತಿತ್ತು. ಆದರೆ ಆ ಮನುಷ್ಯನ ಬಗ್ಗೆ ಇಲ್ಲದ್ದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ.

“ಅದು ಹಾರಲಿಲ್ಲ ಅಕ್ಕ,” ಎಂದೆ. “ಹಾರಿಸಲು ಆಗಲೇ ಇಲ್ಲ.”

ಆ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಮಾಲತಿ ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ತಿಳಿಯದವನಿಗೆ ತಿಳಿಸಿ ಹೇಳುವಂತಿತ್ತು.

“ನಮ್ಮವರು ಸುಳ್ಳು ಹೇಳೂ ಪೈಕಿ ಅಲ್ರಿ. ಸತ್ತರೂ ಹೇಳತಿದ್ದಿಲ್ಲ. ನೀವು ಆವತ್ತ ಇರಲಿಕ್ಕಿಲ್ಲ ಬಿಡ್ರಿ,” ಎಂದು ಫೋನ್ ಇಟ್ಟರು.