ಅಕ್ಕನ ಮೂವತ್ತೆಂಟು ಕೋಟಿ

ನನ್ನ ಮೊಬೈಲ್ ನಂಬರು ನನಗೇ ನೆನಪಿರುವುದಿಲ್ಲ. ಯಾರಾದರೂ ಕೇಳಿದರೆ ಹೆಂಡತಿಯ ಮುಖ ನೋಡುತ್ತೇನೆ. ಸಂಧಿ ಸಮಾಸಗಳನ್ನು ಕಲಿಸಿ ಹೊಟ್ಟೆ ಹೊರೆದವನಿಗೆ ಅಂಕಿಗಳು ದೂರದ ನೆಂಟರಂತೆ: ಗುರುತು ಸಿಗುತ್ತದೆ, ಸಲಿಗೆ ಬೆಳೆಯುವುದಿಲ್ಲ. ಆದರೂ ಒಂದು ಮಹಾಸಂಖ್ಯೆ ಮಾತ್ರ ಬಾಯಿಪಾಠವಾಗಿದೆಯೆಂದು ಹೆಮ್ಮೆಪಡುತ್ತಿದ್ದೆ. ಅದನ್ನು ಕಲಿಸಿದವಳು ಸವದತ್ತಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾದ ನನ್ನಕ್ಕ ಶಾಂತಕ್ಕ.

ಆ ಸಂಖ್ಯೆ 381654729. ಅಂದರೆ ಮೂವತ್ತೆಂಟು ಕೋಟಿಗೂ ಮಿಕ್ಕಿದ್ದು. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಇದರಲ್ಲಿ ಒಂದೊಂದೇ ಸಲ ಬರುತ್ತವೆ. ಎಡಗಡೆಯ ಎರಡಂಕಿಯ ಮೂವತ್ತೆಂಟನ್ನು ಎರಡರಿಂದ ಭಾಗಿಸಿ, ಮೂರಂಕಿಯ ಮುನ್ನೂರ ಎಂಬತ್ತೊಂದನ್ನು ಮೂರರಿಂದ, ನಾಲ್ಕಂಕಿಯದನ್ನು ನಾಲ್ಕರಿಂದ. ಹೀಗೆ ಒಂಬತ್ತರವರೆಗೆ ಹೋದರೂ ಶೇಷವೆಂಬುದು ಉಳಿಯುವುದಿಲ್ಲ. ಈ ಅಂಕಿಗಳನ್ನು ಮೂರೂವರೆ ಲಕ್ಷಕ್ಕೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು. ಇಂಥ ಸಂಯಮಕ್ಕೆ ಒಗ್ಗುವುದು ಇದೊಂದೇ. ಅಕ್ಕ ಇದನ್ನು ಮನೆಮಗಳ ಗುಣದಂತೆ ಬಂದವರಿಗೆಲ್ಲ ವರ್ಣಿಸುತ್ತಿದ್ದಳು.

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಸೋತು, ಮಾತು ತೊದಲಿತು. ಬೈಲಹೊಂಗಲದ ಡಾಕ್ಟರು ಪರೀಕ್ಷೆಗೆಂದು, "ಬಾಯಾರ, ನೂರರಾಗ ಏಳು ಕಳದ್ರ ಎಷ್ಟರಿ?" ಎಂದರು. ಅಕ್ಕ ಬಹಳ ಹೊತ್ತು ತುಟಿ ಅಲ್ಲಾಡಿಸಿದಳು, ಉತ್ತರ ಬರಲಿಲ್ಲ. ಕೈ ಹೋದಾಗ ಅಳದಿದ್ದವಳು ಆಗ ಅತ್ತಳು.

"ಲೆಕ್ಕಾ ಹೋತೋ, ತಮ್ಮಾ."

ಮನೆಗೆ ಬಂದ ಮೇಲೆ, ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನೂ ಬೇಡವೆಂದು ಕಳಿಸಿಬಿಟ್ಟಳು. ಒಂದು ಮಧ್ಯಾಹ್ನ, ಬೇರೇನೂ ತೋಚದೆ, ಪಾಟಿಯ ಮೇಲೆ ನಾನು ಆ ಸಂಖ್ಯೆ ಬರೆದು ಅವಳ ಮುಂದಿಟ್ಟೆ: 381645729. ಅಕ್ಕ ಅದನ್ನೇ ನೋಡುತ್ತ ಕೂತಳು. ಹುಬ್ಬು ಗಂಟಿಕ್ಕಿತು.

"ತ... ತಪ್ಪೈತಿ."

"ಎಲ್ಲೆ ಅಕ್ಕಾ? ನೀನ ಕಲಿಸಿದ್ದಲಾ!"

"ಐದನೇ ಜಾಗಾದಾಗ ನಾಕು ಕುಂತರ... ಐದರಿಂದ ಹೆಂಗ ಭಾಗ ಹೋಗತೈತಿ? ಸೊನ್ನಿ ಇದರಾಗ ಇಲ್ಲ. ಅಲ್ಲೆ ಐದ ಬೇಕು."

ಅದು ನೆನಪಿನಿಂದ ಬಂದ ಉತ್ತರವಲ್ಲ, ತರ್ಕದಿಂದ ಬಂದದ್ದು. ನನ್ನ ಬಾಯಿಪಾಠ ಕೈಕೊಟ್ಟದ್ದಕ್ಕೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅಕ್ಕ ಎಡಗೈಯಲ್ಲಿ ಬಳಪ ಹಿಡಿದು ಐದನ್ನೂ ನಾಲ್ಕನ್ನೂ ಅದಲುಬದಲು ಮಾಡಿದಳು. ಆಮೇಲೆ ಒಂದೊಂದಾಗಿ ಭಾಗಿಸತೊಡಗಿದಳು. ಆರರವರೆಗೆ ಸಾಗಿ ಏಳಕ್ಕೆ ಬಂದು ನಿಂತಳು. ನಾನು ಮೊಬೈಲ್ ತೆಗೆದೆ.

"ಅದನ್ನ ಒಳಗಿಡು," ಎಂದಳು.

ಮರುದಿನ ಬೆಳಿಗ್ಗೆ ಚಹಾ ಒಯ್ದಾಗ ಪಾಟಿಯ ತುಂಬ ಸೊಟ್ಟ ಅಂಕಿಗಳು, ಕೆಳಗೆ ಏಳರಿಂದ ಭಾಗಿಸಿ ಬಂದ ಉತ್ತರ, 545221. "ಏನೂ ಉಳೀಲಿಲ್ಲ ನೋಡು," ಎಂದವಳ ಕಣ್ಣು ಹೊಳೆಯುತ್ತಿತ್ತು. "ಆ ಹುಡುಗೀನ ಕರಿ. ಎಂಟರದ್ದು ಬಲಗೈಲೆ ಮಾಡತೇನಿ."

ಎಂಟಕ್ಕೆ ಮಳೆಗಾಲವೆಲ್ಲ ಹಿಡಿಯಿತು. ಆ ಭಾಗಾಕಾರ ಬಲಗೈಯಲ್ಲೇ ಮುಗಿದ ದಿನ, ಒಂಬತ್ತರದ್ದಕ್ಕೆ ಪಾಟಿ ಒರೆಸಿ ಕೊಟ್ಟೆ. ಅಕ್ಕ ಬಳಪವನ್ನೇ ಮುಟ್ಟಲಿಲ್ಲ.

"ಅಂಕಿ ಎಲ್ಲಾ ಕೂಡಿಸಿದ್ರ ನಲವತ್ತೈದು. ಅದಕ್ಕ ಒಂಬತ್ತರಿಂದ ಭಾಗ ಹೋದ್ರ ಇದಕ್ಕೂ ಹೋತು," ಎಂದು ನಕ್ಕಳು. "ಸುಮ್ನ ಕೈ ಯಾಕ ನೋಯಿಸ್ಕೋಬೇಕೋ?"