ಕೂಸು ಶಾಂತ ಆತ್ರಿ!

ನಮ್ಮ ಹಳೆಯ ಚರ್ಚಾ ಗುಂಪಿನ ಜಗಳಗಂಟರೇ, ಇವತ್ತು ನೀವು ಬಹಳ ನೆನಪಾದಿರಿ.

ರಾತ್ರಿಯಿಡೀ ಅತ್ತ ಮಗಳು ಬೆಳಿಗ್ಗೆ ಕಣ್ಣು ಮುಚ್ಚಿದಳು. ನಾನೂ ಮಲಗುವ ಮೊದಲು ಮೊಬೈಲಿನಲ್ಲಿ ನಮ್ಮ ಬಂಧುಬಳಗದ ಗುಂಪಿಗೆ ಖುಷಿಯಿಂದ ಬರೆದೆ: "ಅಂತೂ ಕೂಸು ಶಾಂತ ಆತ್ರಿ."

ಮಾನ್ವಿ ಊರಿನ ಕಾಕಾ ತಕ್ಷಣ "ಓಂ ಶಾಂತಿ" ಎಂದು ಹಾಕಿದರು. ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು. ದೇವದುರ್ಗದ ಚಿಗವ್ವ ಅಳುತ್ತಲೇ ಫೋನ್ ಮಾಡಿದಳು.

"ಯವ್ವಾ, ಹ್ಯಾಂಗಾತು ಬೇ? ನಿನ್ನೆ ನಕ್ಕೋಂತ ಇತ್ತಲ್ಲ ಕೂಸು!"

ಫೋನಿನ ಸದ್ದಿಗೆ ಮಗಳು ಎದ್ದು ಕಿರುಚಿದಳು.

"ಅಯ್ಯ, ಅಳಾಕತ್ತದಲ್ಲ!"

"ಹೌದು ಚಿಗವ್ವಾ. ನೀನೇ ಎಬ್ಬಿಸಿದಿ."

ಕಾಲೇಜು ದಿನಗಳಲ್ಲಿ ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತ, 'ಮನೆ' ಸರಿಯೋ 'ಮನಿ' ಸರಿಯೋ ಎಂದು ವಾರಗಟ್ಟಲೆ ಕಿತ್ತಾಡಿದವರು. ನೀವಾಗಿದ್ದರೆ "ಶಾಂತ ಅಂದರೆ ಯಾವ ಅರ್ಥದಲ್ಲಿ?" ಎಂದು ಕೇಳಿ ನನ್ನ ಜೀವ ತಿನ್ನುತ್ತಿದ್ದಿರಿ. ಜಗಳ ತೆಗೆಯಲಿಕ್ಕಾದರೂ ಬರೆದದ್ದನ್ನು ಪೂರ್ತಿ ಓದುತ್ತಿದ್ದಿರಿ.

ಮಗಳನ್ನು ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಗುಂಪಿಗೆ ಮತ್ತೆ ಬರೆದೆ: "ಕೂಸು ಆರಾಮ ಅದರೀ. ಎದ್ದು ಅಳಾಕತ್ತದ."

ಕಾಕಾ ಉತ್ತರಿಸಿದರು: "ಅಳಬ್ಯಾಡ ಯವ್ವಾ, ಧೈರ್ಯ ತಗೋ."